ನಮ್ಮ ಕಡೆ ಇಲ್ಲದ ಕಪ್ಪೆ

ಮೊದಲ ಮಳೆ ಬಿದ್ದ ವಾರ ನಿಪ್ಪಾಣಿಯಿಂದ ಒಬ್ಬ ಕಾಲೇಜು ಹುಡುಗಿ ಸ್ಕೂಟಿ ಮೇಲೆ ಬಂದು ಗುಡ್ಡದ ದಾರಿ ಕೇಳಿದಳು. ಆಡು ಮೇಯಿಸುತ್ತ ಆ ಗುಡ್ಡದಲ್ಲೇ ಮುದುಕಿಯಾದವಳು ನಾನು, ಹಾಗಾಗಿ ಊರವರು ನನ್ನ ಹತ್ತಿರ ಕಳಿಸಿದ್ದರು. ಮೊಬೈಲಿನಲ್ಲಿ ಒಂದು ಕಪ್ಪೆ ತೋರಿಸಿದಳು. ಹೆಬ್ಬೆರಳಷ್ಟು, ಮೈತುಂಬ ಗುಳ್ಳೆ, ಪಕ್ಕೆಯಲ್ಲಿ ಕೆಂಪು.

"ಇದು ಘಟ್ಟದಾಗ ಒಂದ ಗುಡ್ಡದ ಮ್ಯಾಲಷ್ಟ ಐತ್ರಿ ಅಜ್ಜಿ. ನಿಮ್ಮ ಗುಡ್ಡದಾಗೂ ಸಿಕ್ರ ದೊಡ್ಡ ಮಾತು."

"ಕಪ್ಪಿ ಎಲ್ಲಾ ಕಡೆ ಅದಾವಲ್ಲ ಬೇ."

"ಇದರ ಕುಲಾನ ಬ್ಯಾರೇರಿ."

"ಕಪ್ಪ್ಯಾಗೂ ಕುಲ ಮಾಡೀರೇನ? ಒಂದಕ್ಕೊಂದು ಬೀಗತನ ಮಾಡಂಗಿಲ್ಲೇನ ಹಂಗಾರ?"

"ಮಾಡಂಗಿಲ್ರಿ," ಎಂದಳು ನಗದೆ. "ಅದನ್ನ ನೋಡೇ ಬ್ಯಾರೆ ಅಂತೀವಿ."

ಸಿಕ್ಕರೆ ಏನಾಗುತ್ತದೆ ಎಂದು ಕೇಳಿದೆ. ಸರಕಾರಕ್ಕೆ ಬರೆಯುತ್ತಾರಂತೆ, ಅಲ್ಲಿ ಕಲ್ಲು ಒಡೆಯುವುದು ನಿಲ್ಲಬಹುದಂತೆ. ನನ್ನ ಮಗ ಅಲ್ಲಿಯ, ಕಲ್ಲನ್ನು ಜಲ್ಲಿ ಮಾಡುವ ಖಡಿ ಮಷಿನ್ನಿನ ಮೇಲೆ ಕೆಲಸಕ್ಕಿದ್ದಾನೆ. ಅವನ ಬಲಗೈಯ ಮೂರು ಬೆರಳು ಅದೇ ಮಷಿನ್ನು ತಿಂದಿದೆ. ಬೇರೆ ಯಾರೂ ಅವನನ್ನು ಕೆಲಸಕ್ಕೆ ಕರೆಯುವುದಿಲ್ಲ.

ಆ ಕಪ್ಪೆ ನನಗೆ ಗೊತ್ತಿತ್ತು. ಮಳೆ ಶುರುವಾಗಿ ಮೇಲಿನ ಬಂಡೆಯ ಕುಳಿಗಳಲ್ಲಿ ನೀರು ನಿಂತಾಗ ಬರುತ್ತದೆ, ಬಿಸಿಲೇರಿದರೆ ಸಡಿಲ ಚಪ್ಪಡಿಯ ಕೆಳಗೆ ಅಂಟಿಕೊಂಡು ಕೂರುತ್ತದೆ. ಕೆರೆಯಲ್ಲಿ ಒಂದೂ ಇರುವುದಿಲ್ಲ. ಅದಕ್ಕೇ ಅವಳನ್ನು ಮೊದಲು ಕೆರೆಗೆ ಕರೆದುಕೊಂಡು ಹೋದೆ. ಮಧ್ಯಾಹ್ನದವರೆಗೆ ಕೆಸರು ತುಳಿಸಿದೆ. ಆಮೇಲೂ ಬಂಡೆ ನೋಡಲೇಬೇಕೆಂದಳು. ಒಂದೊಂದೇ ಕಲ್ಲು ಎತ್ತಿ ನೋಡಿ ಮತ್ತೆ ಇದ್ದ ಹಾಗೇ ಇಟ್ಟಳು. ಆ ಕಪ್ಪೆ ಇರುವ ಚಪ್ಪಡಿಯ ಮೇಲೆ ನಾನು ಕಾಲು ನೋವೆಂದು ಸೀರೆ ಹರವಿ ಕೂತುಬಿಟ್ಟೆ.

"ನೀವು ಎಂದೂ ನೋಡಿಲ್ರಿ?"

"ನಲವತ್ತ ವರ್ಷದಾಗ ಒಂದೂ ನೋಡಿಲ್ಲ."

ಅವಳು ಬರೆದುಕೊಂಡಳು.

ದೀಪಾವಳಿ ಹೊತ್ತಿಗೆ ಆ ಬಂಡೆ ಖಡಿಯಾಗಿ ರಸ್ತೆಗೆ ಹೋಯಿತು. ಮುಂದಿನ ಮಳೆಗೆ ಆಡು ಹೊಡೆದುಕೊಂಡು ಹೋದರೆ ಅಲ್ಲಿ ಹೊಂಡ, ಹೊಂಡದಲ್ಲಿ ಸುಣ್ಣದಂಥ ನೀರು. ಕೆರೆಯ ಕಪ್ಪೆ ಕೂಡ ಅದಕ್ಕೆ ಇಳಿದಿರಲಿಲ್ಲ.

ಹುಡುಗಿ ಆ ವರ್ಷ ಮತ್ತೆ ಬಂದು ತಾನು ಮಾಡಿದ ನಕಾಶೆ ತೋರಿಸಿದಳು. ಘಟ್ಟದ ಕಡೆ ಒಂದು ಹಸಿರು ಚುಕ್ಕಿ, ನಮ್ಮ ಕಡೆ ಖಾಲಿ.

"ನೀವು ಹೇಳಿದ್ರಲ್ಲ ಅಜ್ಜಿ, ಅದಕ್ಕ ಇಲ್ಲಿ ಇಲ್ಲ ಅನ್ನೂದು ಗಟ್ಟಿ ಆತು," ಎಂದಳು.

ರೊಟ್ಟಿ ತಿಂದು ಹೋಗೆಂದೆ. ತಿಂದಳು. ಆ ಖಾಲಿ ಜಾಗಕ್ಕೆ ನನ್ನ ಮಗ ದಿನಾ ಬೆಳಿಗ್ಗೆ ಊಟದ ಡಬ್ಬಿ ತೆಗೆದುಕೊಂಡು ಹೋಗುತ್ತಾನೆ.