ಅತ್ತೆಯ ಫ್ರಿಜ್ಜಿನಲ್ಲಿ ನನ್ನ ಬಿಯರು

ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕಿತ್ತೂ ಕಿತ್ತೂ ನಮ್ಮತ್ತೆಯ ಹೆಬ್ಬೆರಳುಗಳು ಕಪ್ಪಗಾಗಿದ್ದವು. ಎಷ್ಟು ತಿಕ್ಕಿದರೂ ಆ ಬಣ್ಣ ಹೋಗುತ್ತಿರಲಿಲ್ಲ. ಅದೇ ಬೆರಳುಗಳಿಂದ ಸೆರಗು ಸರಿಸಿ, ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡು, ಏನೂ ಆಗದವರಂತೆ ಮುದ್ದೆ ತೊಳಸಲು ಹೋಗುತ್ತಿದ್ದರು.

ಕುದೂರಿನ ಹತ್ತಿರದ ಹಳ್ಳಿ ಅವರದು. ಮಾವ ಕುಡಿದೇ ಹೋದವರು. ಬಾರಿನ ಮುಂದೆ ಬಿದ್ದಿರುತ್ತಿದ್ದ ಗಂಡನನ್ನು ಎಬ್ಬಿಸಿ ತರಲು ಅತ್ತೆಯೇ ಹೋಗುತ್ತಿದ್ದರಂತೆ. ಇದನ್ನೆಲ್ಲ ಹೆಂಡತಿ ನನಗೆ ಹೇಳಿದ್ದಳು. ಆದರೂ ಆ ಮನೆಗೆ ಹೋಗುವಾಗಲೆಲ್ಲ ನಾನು ಬ್ಯಾಗಿನಲ್ಲಿ ಕ್ರಾಫ್ಟ್ ಬಿಯರ್ ತುಂಬಿಕೊಂಡು ಹೋಗುತ್ತಿದ್ದೆ. ನಾನೇನು ಕುಡುಕನಲ್ಲ, ರುಚಿ ಬಲ್ಲವನು ಅನ್ನುವ ಜಂಬ ಬೇರೆ, ನನ್ನ ಮುಖಕ್ಕಿಷ್ಟು!

ಮೊದಲ ಸಲ ಬಾಟಲಿ ಕಂಡಾಗ ಅತ್ತೆ ಬೈಯಲಿಲ್ಲ. ಬಾಗಿಲ ಮರೆಯಲ್ಲಿ ನಿಂತೇ ಹೇಳಿದರು: “ಅಳಿಯಂದ್ರೇ, ಕುಡ್ಯಾದಾದ್ರೆ ಮನೇಲೇ ಕುಡೀರಿ. ಬಾರ್ ತಾವ ಮಾತ್ರ ಹೋಗ್ಬ್ಯಾಡಿ. ನನ್ ಮಗ್ಳು ಅಲ್ಲಿ ಬಂದು ನಿಂತ್ಕೊಳಂಗಾಗಾದು ಬ್ಯಾಡ.”

ತಲೆ ತಗ್ಗಿಸಿ ಹೂಂ ಅಂದಿದ್ದರೆ ಸಾಕಿತ್ತು. ನಾನು ಪಾಠ ಶುರು ಮಾಡಿದೆ. ಇದು ಅಂಗಡಿ ಬಿಯರ್ ಅಲ್ಲ, ಸೋಸಿಲ್ಲ, ಕೆಡದಂತೆ ಏನೂ ಬೆರೆಸಿಲ್ಲ. ಸದಾ ತಣ್ಣಗಿರಬೇಕು, ಬೆಳಕು ಬೀಳಬಾರದು, ಮಲಗಿಸಬಾರದು. ಫ್ರಿಜ್ಜಿನ ಬಾಗಿಲಲ್ಲಿಟ್ಟರೆ ಬೆಚ್ಚಗಾಗುತ್ತೆ, ಐಸ್ ಬಾಕ್ಸಿನಲ್ಲಿಟ್ಟರೆ ಬಾಟಲಿ ಒಡೆಯುತ್ತೆ.

“ಅಯ್ಯೋ, ಹುಳ ಸಾಕ್ದಂಗೇ ಆಯ್ತಲ್ಲಪ್ಪ ಇದೂವೆ!” ಎಂದು ಅತ್ತೆ ನಕ್ಕರು.

ನಿಜವಾಗಿ ಹುಳು ಸಾಕಿದ ಹಾಗೆಯೇ ನೋಡಿಕೊಂಡರು. ಕುಡಿದು ಮಿಕ್ಕಿದ್ದನ್ನು ಅಲ್ಲೇ ಬಿಟ್ಟು ಬಂದರೆ, ಮುಂದಿನ ಸಲ ಹೋಗುವವರೆಗೂ ಕಾಯುತ್ತಿದ್ದರು. “ನೋಡಿ, ನೆಟ್ಟಗೆ ನಿಲ್ಸಿವ್ನಿ, ಒಸಿನೂ ಅಲ್ಲಾಡ್ಸಿಲ್ಲ” ಎನ್ನುತ್ತ ಕೈಗೆ ಕೊಡುತ್ತಿದ್ದರು. ಗಂಡನ ಬಾಟಲಿಗಳನ್ನು ಎಷ್ಟು ಸಲ ಚರಂಡಿಗೆ ಸುರಿದಿದ್ದ ಕೈಯೋ ಅದು. ನಾನು ಮಾತ್ರ ನಾಚಿಕೆಯಿಲ್ಲದೆ ಚಪ್ಪರಿಸಿಕೊಂಡು ಕುಡಿಯುತ್ತಿದ್ದೆ.

ಆ ವರ್ಷ ಯುಗಾದಿಯ ಮರುದಿನ ಹೊಸತೊಡಕಿಗೆ ಬಾಡೂಟದ ಜೊತೆಗಿರಲಿ ಎಂದು ಒಂದು ಪೆಟ್ಟಿಗೆಯನ್ನೇ ಒಯ್ದಿದ್ದೆ. ಅರ್ಧ ಅಲ್ಲೇ ಉಳಿಯಿತು. ಆಮೇಲೆ ಕೆಲವೇ ದಿನಕ್ಕೆ ಅತ್ತೆ ಹುಳುಮನೆಯಲ್ಲಿ ತಲೆ ಸುತ್ತಿ ಬಿದ್ದರೆಂದು ಫೋನು ಬಂತು. ಮಾಗಡಿಯ ಆಸ್ಪತ್ರೆಗೆ ಸೇರಿಸಿದೆವು. ಸಕ್ಕರೆ ಏರಿಹೋಗಿತ್ತು. ದಿನಾ ಇನ್ಸುಲಿನ್ ತಗೊಂಡರೂ ಹೀಗೇಕೆ ಎಂದು ಡಾಕ್ಟರಿಗೆ ಅನುಮಾನ. ಮನೆಯಿಂದ ಔಷಧಿ ತರಲು ನನ್ನನ್ನೇ ಕಳಿಸಿದರು.

ಫ್ರಿಜ್ಜು ತೆರೆದೆ. ಒಂಟಿ ಬಾಗಿಲಿನ ಚಿಕ್ಕ ಫ್ರಿಜ್ಜು. ನಡುವಿನ ತಟ್ಟೆಯ ತುಂಬ ನನ್ನ ಬಾಟಲಿಗಳು, ಒಂದೊಂದಕ್ಕೂ ಹಳೆಯ ಸೀರೆಯ ತುಂಡು ಸುತ್ತಿ ನೆಟ್ಟಗೆ ನಿಲ್ಲಿಸಿದ್ದರು. ಅಲ್ಲಿರುತ್ತಿದ್ದ ಇನ್ಸುಲಿನ್ ಶೀಷೆಗಳು ಐಸ್ ಬಾಕ್ಸ್ ಸೇರಿ ಕಲ್ಲಾಗಿದ್ದವು.

“ಹೆಪ್ಪುಗಟ್ಟಿದ ಮೇಲೆ ಇದು ಕೆಲಸ ಮಾಡಲ್ಲ, ಕರಗಿಸಿ ಚುಚ್ಚಿಕೊಂಡರೂ ಅಷ್ಟೇ” ಎಂದರು ನಾನು ತಂದ ಶೀಷೆಗಳನ್ನು ನೋಡಿದ ಡಾಕ್ಟರು.

ಹೆಂಡತಿ ತಾಯಿಯ ಮೇಲೆ ರೇಗಿದಳು: “ಅಲ್ಯಾಕವ್ವ ಮಡಗ್ದೆ?”

ಅತ್ತೆ ನನ್ನತ್ತ ಒಮ್ಮೆ ನೋಡಿದರು. “ತಣ್ಗಿದ್ರೆ ವಾಸಿ ಅಂತ ಮಡಗ್ಬುಟ್ಟೆ ಕಣವ್ವ. ನಂಗೇನ್ ಗೊತ್ತಾಯ್ತದೆ.”

ಬಾಯಿ ತೆರೆಯಬೇಕಾದವನು ನಾನು. ಔಷಧಿ ಚೀಟಿ ಓದುವವನಂತೆ ನಿಂತೆ. ಬಿಯರಿಗೆ ಬೇಕಾದ ಜಾಗ ಯಾವುದೆಂದು ಹೇಳಿದ್ದೆನೇ ಹೊರತು, ಅಲ್ಲಿ ಮೊದಲೇನಿತ್ತು ಎಂದು ಒಂದು ದಿನವೂ ಕೇಳಿರಲಿಲ್ಲ.

ಅತ್ತೆ ಹುಷಾರಾಗಿ ಮನೆಗೆ ಬಂದರು. ನಾನು ಕುಡಿಯುವುದನ್ನು ಬಿಟ್ಟೆ. ಬರಿಗೈಲಿ ಹೋದಾಗ ಅವರ ಮುಖ ಸಣ್ಣಗಾಯಿತು. ಹೆಂಡತಿ ಹಿತ್ತಲಿಗೆ ಹೋಗುವುದನ್ನೇ ಕಾದು, ಮೆಲ್ಲಗೆ ಕೇಳಿದರು: “ಯಾಕಪ್ಪ ತರ್ಲಿಲ್ಲ? ಬಾರ್ ತಾವ ಹೋಗಕ್ಕೆ ಸುರು ಮಾಡುದ್ರಾ?”

“ಇಲ್ಲ ಅತ್ತೆ. ಬಿಟ್ಟುಬಿಟ್ಟೆ.”

“ನಿಮ್ ಮಾವ್ನೋರೂ ದಿನಾ ಅಂಗೇ ಅನ್ನೋರು” ಎಂದು ಮಗಳು ಹೋದ ಕಡೆ ನೋಡಿದರು.

ಯಾಕೆ ಬಿಟ್ಟೆ ಅನ್ನುವುದನ್ನು ಹೇಳಿದ್ದರೆ ನಂಬುತ್ತಿದ್ದರೇನೋ. ಇನ್ಸುಲಿನ್ ಮಾತೆತ್ತಲು ನನಗೆ ನಾಚಿಕೆಯಾಯಿತು. ಮುಂದಿನ ಸಲ ಹೇಳಿದರಾಯಿತು ಅಂದುಕೊಂಡೆ. ಆ ಮಳೆಗಾಲದಲ್ಲೇ ಅತ್ತೆ ಹೋಗಿಬಿಟ್ಟರು, ಮಗಳ ಗಂಡ ಯಾವುದೋ ಬಾರಿನ ಮುಂದೆ ಬಿದ್ದಿರುತ್ತಾನೆ ಎಂದುಕೊಂಡೇ.