ಆ ಓಣಿಯವರ ಸೂಜಿ

ಮೊನ್ನೆ ಮೊಮ್ಮಗಳಿಗೆ ಲಸಿಕೆ ಹಾಕಿಸಲು ಹೋದಾಗ ಸ್ಪಿರಿಟ್ಟಿನ ವಾಸನೆ ಮೂಗಿಗೆ ಅಡರಿತು. ನರ್ಸು ಹೊಸ ಸೂಜಿಯ ಪೊಟ್ಟಣ ಹರಿದಳು. ನನಗೆ ಆ ಹೆಂಗಸು ನೆನಪಾದಳು...

ಎಂಬತ್ತರ ದಶಕದ ಕೊನೆ. ನಾನು ನವಲಗುಂದದ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸಾಗಿದ್ದೆ, ಊರವರ ಮಾತಿನಲ್ಲಿ 'ಬಾಯಾರು'. ಊರ ಅಂಚಿನ ಓಣಿಯಲ್ಲಿ ಮೈ ಮಾರಿ ಬದುಕುವ ಐದಾರು ಹೆಂಗಸರಿದ್ದರು, ಅವಳು ಅವರಲ್ಲೊಬ್ಬಳು. ಪ್ರತಿ ಸೋಮವಾರ ಎಲ್ಲರೂ ಬಂದು 'ಶಕ್ತಿ ಸೂಜಿ' ಹಾಕಿಸಿಕೊಳ್ಳುತ್ತಿದ್ದರು. ಅದು ಬರೀ ವಿಟಮಿನ್. ಹಾಕಿಸಿಕೊಂಡರೆ ರೋಗ ಹತ್ತಿರ ಸುಳಿಯದು ಎಂದು ನಂಬಿದ್ದರು. ಇವಳಂತೂ ಮೈ ಕಾಯುವುದರಲ್ಲಿ ಬಲು ಜಿಗುಟು. ಹುಣ್ಣು ಕಂಡರೆ ಎಂಥ ಸಾಹುಕಾರನನ್ನೂ ಬಾಗಿಲಿಂದಲೇ ಅಟ್ಟುತ್ತಿದ್ದಳು. "ನನ್ನ ಕಡೆ ಇರೂದು ಇದೊಂದ ಮೈರಿ ಬಾಯಾರ," ಎನ್ನುತ್ತಿದ್ದಳು.

ಆಗ ಪೇಪರಿನಲ್ಲಿ ಏಡ್ಸ್ ಸುದ್ದಿ ಬರತೊಡಗಿತು. ರೋಗ ತಡೆಯುವ ಶಕ್ತಿಯನ್ನೇ ತಿಂದುಹಾಕುವ ರೋಗ, ಇಂಥವರಿಂದಲೇ ಬರುತ್ತದಂತೆ. ಊರ ಮರ್ಯಾದಸ್ಥರನ್ನು ಕಾಪಾಡಬೇಕಲ್ಲ! ಓಣಿಯವರಿಗೆಂದೇ ಒಂದು ಸೂಜಿ ಬೇರೆ ಇಡಲು ಡಾಕ್ಟರು ಹೇಳಿದರು. ಉಳಿದವರ ಸೂಜಿಗಳನ್ನು ಕುದಿಸುತ್ತಿದ್ದೆ. ಅದೇ ನೀರಿಗೆ ಇದನ್ನು ಹಾಕಲು ನನಗೆ ಹೇಸಿಕೆ. ಸ್ಪಿರಿಟ್ಟಿನಲ್ಲಿ ಒರೆಸಿ ಒಬ್ಬಳಾದ ಮೇಲೆ ಒಬ್ಬಳಿಗೆ ಚುಚ್ಚುತ್ತಿದ್ದೆ.

ಒಂದು ಸೋಮವಾರ ಅವಳು ತೋಳು ಹಿಂದಕ್ಕೆಳೆದುಕೊಂಡಳು. "ಬಾಯಾರ, ಕುದಿಸಿ ಹಾಕ್ರಿ. ಈಗ ಆಕಿಗೆ ಚುಚ್ಚಿದ್ರಲ್ಲ, ಆಕಿ ಕಣ್ಣ ಹಳದಿ ಆಗ್ಯಾವ."

"ನಿಮ್ಮ ನಿಮ್ಮೊಳಗ ಎಂಥಾ ಮಡಿ ಬೇ? ಹಾಕಿಸ್ಕೊಂಡ್ರ ಹಾಕಿಸ್ಕೋ, ಇಲ್ಲಾಂದ್ರ ನಡಿ," ಎಂದೆ. ಸರದಿಯಲ್ಲಿದ್ದ ಊರವರು ನಕ್ಕರು. ನಾನೂ ನಕ್ಕೆ... ಅವಳು ತೋಳು ಚಾಚಿದಳು.

ಮೂರು ತಿಂಗಳಿಗೆ ಅವಳ ಕಣ್ಣೂ ಹಳದಿಯಾದವು, ಹೊಟ್ಟೆ ಉಬ್ಬಿತು. ಕಾಮಾಲೆ ಎಂದ ಡಾಕ್ಟರು ಒಳಗೆ ಬಿಡಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತು ಕೇಳಿದಳು: "ನನ್ನ ಕಸಬ ನನ್ನ ತಿಂತು ಅಂತಾರ್ರಿ ಎಲ್ಲಾರೂ. ನಾ ಎಷ್ಟ ಹುಷಾರಿದ್ನಿ... ಖರೇನೂ ಕಸಬಿನಿಂದ ಬಂತೇನ್ರಿ ಬಾಯಾರ?"

ಕುದಿಸದ ಸೂಜಿಯಿಂದ ಕಾಮಾಲೆ ಹರಡುತ್ತದೆಂದು ನನಗೆ ಗೊತ್ತಿತ್ತು. ಡಾಕ್ಟರಿಗೂ ಗೊತ್ತಿತ್ತು.

"ಮತ್ತ ಇನ್ಯಾತರಿಂದ ಬರ್ತೈತಿ?" ಎಂದೆ.

ತಲೆಯಾಡಿಸಿದಳು. ನಂಬಿದಳು. ಎಂಟು ದಿನಕ್ಕೆ ಸತ್ತಳು. ಮುಂದಿನ ಸೋಮವಾರ ಓಣಿಯ ಉಳಿದವರು ಬಂದರು. ನಾನು ಅದೇ ಸೂಜಿ ಎತ್ತಿಕೊಂಡೆ.

ಈಗ ನನಗೆ ಎಪ್ಪತ್ತು. ಸಂತೆಗೆ ಹೋದರೆ ಜನ ಇವತ್ತಿಗೂ ನಿಲ್ಲಿಸಿ, "ನಿಮ್ಮ ಕೈಗುಣ ಭಾಳ ಛಲೋ ಇತ್ತ್ರಿ," ಎನ್ನುತ್ತಾರೆ. ಅವಳನ್ನು ಕೊಂದದ್ದು ಆ ಕೈಯೇ ಎಂದು ಯಾರಿಗೂ ಹೇಳಿಲ್ಲ. ಹೇಳಹೊರಟರೂ ಯಾರೆಂದು ಹೇಳಲಿ? ಅವಳ ಹೆಸರನ್ನು ನಾನು ಒಂದು ದಿನವೂ ಕೇಳಿರಲಿಲ್ಲ.