ವರ್ನಾ ಕೂಡಿಟ್ಟ ಮೊಟ್ಟೆಸಿಪ್ಪೆ

ನನ್ನ ಭಾವ ಆರ್ಲಿನ್‌ಗೆ ವರ್ಷಕ್ಕೆ ಇರುವುದು ಒಂದೇ ಹಬ್ಬ. ಫೆಬ್ರವರಿಯಲ್ಲಿ ನಮ್ಮೂರ ವಿನೆಬೇಗೊ ಸರೋವರ ಗಟ್ಟಿಯಾಗಿ ಹೆಪ್ಪುಗಟ್ಟಿದಾಗ ಅದರ ಮೇಲೆ ಮರದ ಗೂಡು ಎಳೆದುಕೊಂಡು ಹೋಗಿ, ಬಾಗಿಲಗಲ ಮಂಜುಗಡ್ಡೆ ಕೊಯ್ದು, ಗೂಡಿನ ಕತ್ತಲಲ್ಲಿ ಕೂತು ನೀರೊಳಗೆ ಇಣುಕುತ್ತಾ ಆಳುದ್ದ ಬೆಳೆಯುವ ಸ್ಟರ್ಜನ್ ಮೀನಿಗೆ ಕಾಯುವುದು. ಬಂದರೆ ಈಟಿ ಎಸೆಯಬೇಕು. ಬಂದರೆ ತಾನೆ! ಮದುವೆಯಾದಾಗಿನಿಂದ ಅವನು ಹಿಡಿದ ಮೀನು ಎಣಿಸಲು ಒಂದು ಕೈಯ ಬೆರಳು ಸಾಕು, ಹೆಬ್ಬೆರಳು ಉಳಿಯುತ್ತದೆ.

ಈ ಹುಚ್ಚಿಗೆ ತಯಾರಿ ನಡೆಸುತ್ತಿದ್ದವಳು ನನ್ನ ಅಕ್ಕ ವರ್ನಾ. ಸರೋವರದ ತಳವೂ ಕಪ್ಪು, ಮೀನೂ ಕಪ್ಪು. ತಳಕ್ಕೆ ಬಿಳಿಯದೇನಾದರೂ ಚೆಲ್ಲಿದರೆ ಮಾತ್ರ ಹಾಯ್ದುಹೋಗುವ ಮೀನು ಕಣ್ಣಿಗೆ ಬೀಳುತ್ತದೆ. ಅದಕ್ಕೆಂದೇ ಅವಳು ಬೇಸಿಗೆ ಮುಗಿದದ್ದೇ ತಡ ಮೊಟ್ಟೆಸಿಪ್ಪೆ ಕೂಡಿಡುತ್ತಿದ್ದಳು. ಒಳಪೊರೆ ಬಿಡಿಸಿ, ತೊಳೆದು, ಒಣಗಿಸಿ, ಅಂಗೈಯಲ್ಲಿ ಮುರಿದು ಒಲೆ ಪಕ್ಕದ ಹಳೇ ಐಸ್‌ಕ್ರೀಮ್ ಬಕೆಟ್ಟಿಗೆ ಹಾಕುವಳು. ತಾನು ಮಾತ್ರ ಮೀನು ಬಾಯಿಗಿಡುತ್ತಿರಲಿಲ್ಲ. ಗಂಡ ಬರಿಗೈಯಲ್ಲಿ ಬಂದಾಗ ಸಿಕ್ಕಿತೇ ಎಂದು ಒಂದು ದಿನವೂ ಕೇಳಿದವಳಲ್ಲ. ಕಾಫಿ ಬಗ್ಗಿಸುತ್ತಾ ಅವಳು ಕೇಳುತ್ತಿದ್ದದ್ದು ಒಂದೇ, "ಚೆನ್ನಾಗಿ ಕಾಣಿಸ್ತಾ?"

ಕ್ರಿಸ್‌ಮಸ್ ಕಳೆಯುತ್ತಿದ್ದಂತೆ ಅಕ್ಕ ತೀರಿಕೊಂಡಳು. ಬಕೆಟ್ಟು ಅರ್ಧಕ್ಕೆ ನಿಂತಿತು.

ಜನವರಿ ಕೊನೆಯಲ್ಲಿ ಅವಳ ಬಟ್ಟೆಬರೆ ವಿಂಗಡಿಸಲು ಹೋದೆ. ಅಡುಗೆಮನೆಯಲ್ಲಿ ನಾತವೋ ನಾತ. ಕಿಟಕಿಯುದ್ದಕ್ಕೂ ತೊಳೆಯದ ಮೊಟ್ಟೆಸಿಪ್ಪೆ. ಆರ್ಲಿನ್ ಹುರಿದ ಮೊಟ್ಟೆಗಳನ್ನು ಔಷಧಿ ನುಂಗುವವನಂತೆ ನುಂಗುತ್ತಿದ್ದ.

"ಏನ್ ಭಾವ, ಡಾಕ್ಟ್ರು ಮೊಟ್ಟೆ ಮುಟ್ಲೇಬೇಡ ಅಂದಿದ್ರಲ್ವಾ? ಅಕ್ಕನ ಹಿಂದೇನೇ ಹೊರಡೋ ಅವಸರಾನಾ?"

"ಬಾಯ್ಮುಚ್ಕೊಂಡಿರು ಲಿಯೋನಾ. ಬಕೆಟ್ ತುಂಬಿಸ್ಬೇಕು."

"ಅಲ್ಲಿ ಅರ್ಧ ಇದೆಯಲ್ಲ."

"ಅದು ಅವಳದು. ಅದನ್ನ ನೀರಿಗೆ ಹಾಕಲ್ಲ. ನಂದು ಬೇರೆ ಮಾಡ್ಕೋತೀನಿ."

ಅಕ್ಕನ ಕೋಟು, ಕನ್ನಡಕ, ಬಾಚಣಿಗೆ ಎಲ್ಲವನ್ನೂ ಒಯ್ಯಲು ಬಿಟ್ಟವನು ಆ ಬಕೆಟ್ಟಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಅದರಲ್ಲಿದ್ದ ಒಂದೊಂದು ಚೂರೂ ಅವಳ ಅಂಗೈಯಲ್ಲೇ ಮುರಿದದ್ದು. ಬಿಸಿನೀರು ಕಾಯಿಸಿ ಅವನ ಸಿಪ್ಪೆಗಳನ್ನು ತೊಳೆದೆ, ಪೊರೆ ಬಿಡಿಸುವುದನ್ನು ತೋರಿಸಿಕೊಟ್ಟೆ. ಹೋಗುವ ಹೊತ್ತಿಗೆ ಒಲೆಯ ಪಕ್ಕ ಎರಡು ಬಕೆಟ್ಟುಗಳಿದ್ದವು.

ಮೀನುಬೇಟೆಯ ಹಿಂದಿನ ದಿನ ನಾನು ರೈ ರೊಟ್ಟಿ, ಸಾಸೇಜು ಕಟ್ಟಿಕೊಂಡು ಬಂದೆ. ಆರ್ಲಿನ್ ನೆಲಮಾಳಿಗೆಯಲ್ಲಿ ಈಟಿ ಮಸೆಯುತ್ತಿದ್ದ. ಅವನ ಗೆಳೆಯ ನಾರ್ಬರ್ಟ್ ಆಗಲೇ ಟ್ರಕ್ಕಿಗೆ ಗೂಡು ಕಟ್ಟಿಕೊಂಡು ಸರೋವರಕ್ಕೆ ಹೋಗಿದ್ದ. ಮೇಲೆ ಬಂದ ಆರ್ಲಿನ್ ಒಲೆಯ ಪಕ್ಕ ನೋಡಿ ಹಾಗೇ ನಿಂತುಬಿಟ್ಟ. ಬಕೆಟ್ಟನ್ನು ಪ್ರತಿವರ್ಷ ಒಯ್ಯುತ್ತಿದ್ದವನು ನಾರ್ಬರ್ಟನೇ. ಅಲ್ಲಿ ಈಗ ಒಂದು ಬಕೆಟ್ಟೂ ಇರಲಿಲ್ಲ.

ನಾವು ಹೋಗಿ ಮುಟ್ಟಿದಾಗ ನಾರ್ಬರ್ಟ್ ಹಿಗ್ಗಿ ಹೀರೇಕಾಯಿಯಾಗಿದ್ದ.

"ಬಾರೋ, ನೋಡು! ತಳ ಅಂದ್ರೆ ಮೇಜಿಗೆ ಬಿಳೀ ಬಟ್ಟೆ ಹಾಸ್ದಂಗಿದೆ. ಎರಡೂ ಸುರಿದುಬಿಟ್ಟೆ. ನಮ್ ವರ್ನಾ ಹೋಗೋ ಮುಂಚೆ ಎರಡು ಬಕೆಟ್ ಮಾಡಿಟ್ಟಿದ್ಲಲ್ಲೋ, ಪುಣ್ಯಾತ್ಗಿತ್ತಿ!"

ಖಾಲಿ ಬಕೆಟ್ಟುಗಳು ಒಂದರೊಳಗೊಂದು ಕೂತಿದ್ದವು. ಮಂಜು ಕೊಯ್ಯುವ ಗರಗಸದಲ್ಲೇ ಅವನಿಗೊಂದು ಕೊಡಬೇಕೆನಿಸಿತು ನನಗೆ. ಆದರೆ ಅಕ್ಕನನ್ನು ಮಣ್ಣುಮಾಡಿದ ದಿನ ನಮ್ಮೆಲ್ಲರಿಗಿಂತ ಹೆಚ್ಚು ಅತ್ತವನೂ ಅವನೇ. ಆರ್ಲಿನ್ ಅವನ ಬೆನ್ನು ತಟ್ಟಿ, "ಒಳ್ಳೇ ಕೆಲ್ಸ ಮಾಡ್ದೆ ಕಣೋ" ಎಂದ. ಆಮೇಲೆ ಮಂಡಿಯೂರಿ ನೀರನ್ನೇ ನೋಡುತ್ತಾ ಕೂತ.

ಮರುದಿನದಿಂದ ಅವನು ಎಂದಿನಂತೆ ಗೂಡಿಗೆ ಹೋಗತೊಡಗಿದ. ಊಟ ಕೊಡಲು ಹೋದಾಗ ನೋಡಿದರೆ, ಈಟಿ ಮೊಳೆಗೆ ತೂಗುಹಾಕಿದ ಹಾಗೇ ಇತ್ತು.

"ಇದೇನ್ ಭಾವ, ಮೀನು ಬಂದ್ರೆ ಕೈ ಮುಗೀತೀಯಾ?"

"ಈಟಿ ಎಸೆದ್ರೆ ಕೆಸರು ಏಳತ್ತೆ," ಎಂದ. "ಅವಳದು ಮುಚ್ಚಿಹೋಗತ್ತೆ."

ನಾನು ಊಟ ಇಟ್ಟು ಎದ್ದು ಬಂದೆ.

ಎರಡನೇ ವಾರ ಒಂದು ಮಧ್ಯಾಹ್ನ ಅವನ ಅಡುಗೆಮನೆಯಲ್ಲಿ ಕಾಫಿ ಇಳಿಸುತ್ತಿದ್ದೆ. ಆರ್ಲಿನ್ ಬಂದು ಬೂಟು ಕೂಡ ಬಿಚ್ಚದೆ ಕುಕ್ಕರಿಸಿದ.

"ಬಂದಿತ್ತು," ಎಂದ. "ನನಗಿಂತ ಉದ್ದ ಇತ್ತು. ನಿಧಾನಕ್ಕೆ ಬಂತು, ಸಿಪ್ಪೆ ಮೇಲೇನೇ. ನಾನು ಈಟಿ ಮುಟ್ಲಿಲ್ಲ ಲಿಯೋನಾ, ಕೈ ಕಟ್ಕೊಂಡು ಕೂತಿದ್ದೆ. ಹೋಗ್ತಾ ಒಂದ್ಸಲ ಬಾಲ ಬೀಸ್ತು ನೋಡು, ತಳವೆಲ್ಲ ಕದಡಿಹೋಯ್ತು. ತಿಳಿಯಾಗ್ಲಿ ಅಂತ ಕಾದೆ, ಕಾದೆ. ತಿಳಿಯಾಯ್ತು. ಬರೀ ಕಪ್ಪು. ಒಂದು ಚೂರೂ ಉಳೀಲಿಲ್ಲ."

ಹೇಳಿ ಮುಗಿಸಿ ಅವನು ಒಲೆಯ ಕಡೆ ನೋಡಿದ. ಮತ್ತೇನನ್ನೋ ಕಾಯುತ್ತಿದ್ದ. ಏನನ್ನೆಂದು ನನಗೆ ಗೊತ್ತಿತ್ತು, ಕೇಳುವ ಧೈರ್ಯವಿರಲಿಲ್ಲ. ಅವನ ಲೋಟಕ್ಕೆ ಕಾಫಿ ಬಗ್ಗಿಸಿದೆ.

"ಚೆನ್ನಾಗಿ ಕಾಣಿಸ್ತಾ ಭಾವ?"

"ಕಾಣಿಸ್ತು," ಎಂದ. "ತುಂಬಾ ಚೆನ್ನಾಗಿ ಕಾಣಿಸ್ತು ಕಣೇ."

ಟೊಪ್ಪಿಯಲ್ಲಿ ಮುಖ ಮುಚ್ಚಿಕೊಂಡು ಅವನು ಅತ್ತ. ಅಕ್ಕ ಸತ್ತ ಮೇಲೆ ಅವನು ಅತ್ತದ್ದು ಅದೇ ಮೊದಲು.